ಪ್ರಾಸವಿಲ್ಲದ ಸಂವತ್ಸರ

ತುಮಕೂರು
8 ಏಪ್ರಿಲ್ 2025

ಅಕ್ಕನಿಗೆ ಪ್ರಭುವಿನ ನಮಸ್ಕಾರ.

ಇನ್‌ಲ್ಯಾಂಡ್ ಲೆಟರ್ ಕೇಳಿದ್ದಕ್ಕೆ ಅಂಚೆ ಕಚೇರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಿಗ್ ಸಾರ್, ಕೋರ್ಟ್ ಕೇಸಾ?" ಎಂದರು. "ಇಲ್ಲಮ್ಮ, ನಮ್ಮಕ್ಕಂಗೆ" ಎಂದೆ. "ಹಂಗಾರೆ ಕೇಸೇ ಬುಡಿ" ಎಂದು ನಾಲ್ಕು ಕೊಟ್ಟರು.

ಅವ್ವನ ಷರತ್ತಿನ ಪ್ರಕಾರ ಮೊದಲ ಕಾಗದದಲ್ಲಿ ನಾನು ಮಾಡಿದ್ದನ್ನು ನನ್ನ ಕೈಯಾರೆ ಬರೆಯಬೇಕು, ನೀನು ಅವಳಿಗೆ ಓದಿ ಹೇಳಬೇಕು. ಅವ್ವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಶಾಲೆಯ ಪ್ರೋಗ್ರೆಸ್ ಕಾರ್ಡುಗಳನ್ನೆಲ್ಲ ದಾಟಿಸಿದವನು ನಾನು. ಈಗ ಓದುವವಳು ನೀನು. ದಾಟಿಸಲು ದಾರಿಯಿಲ್ಲ.

ಬರೆಯುತ್ತೇನೆ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಲ್ಲಿ ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆ ಎನ್ನುತ್ತಾರೆ. ಊರಿನವರು ಅದನ್ನು ನಂಬಿ ಮಟನ್ ಅಂಗಡಿಯ ಮುಂದೆ ಕ್ಯೂ ನಿಲ್ಲುತ್ತಾರೆ. ಲಿಂಗಾಯತರಾದ ನಮಗೆ ಆ ಭಾಗ್ಯವಿಲ್ಲವಾದ್ದರಿಂದ ಅಪ್ಪ ಬೇರೆ ಪದ್ಧತಿ ಹಾಕಿದ. ಆ ವರ್ಷ ಯಾರಿಗೆ ಏನು ಸಾಧಿಸುವ ಆಸೆಯೋ ಅವರು ಅದನ್ನು ತೊಡಕಿನ ದಿನ ಎಲ್ಲರೆದುರು ಒಂದು ಗಳಿಗೆಯಾದರೂ ಮಾಡಿ ತೋರಿಸಬೇಕು. ಹಾಗಲವಾಡಿ ಸ್ಕೂಲಿನ ಚನ್ನಬಸವಯ್ಯ ಮೇಷ್ಟ್ರಾದ ಅಪ್ಪ ಮನೆಯಲ್ಲೂ ಹಾಜರಿ ತೆಗೆದುಕೊಳ್ಳದೆ ಬಿಡುತ್ತಿರಲಿಲ್ಲ. ಅಪ್ಪ ಹೋದರೂ ಪದ್ಧತಿ ಹೋಗಲಿಲ್ಲ, ಗುಬ್ಬಿಯಿಂದ ಎದ್ದು ಕುಣಿಗಲ್ಲಿಗೆ ನಿನ್ನ ಮನೆಗೆ ಬಂತು. ನಾನು ಪ್ರತಿ ವರ್ಷ ಒಂದೊಂದು ಶುರು ಮಾಡಿದೆ. ಬೆಳಗಿನ ನಡಿಗೆ, ಕೊಳಲು, ಸಕ್ಕರೆಯಿಲ್ಲದ ಕಾಫಿ. ಯಾವುದೂ ಬಸವ ಜಯಂತಿ ದಾಟಲಿಲ್ಲ.

ಈ ಸಲ ನೀನು ನಡುಮನೆಗೆ ಬಂದು, ಸೆರಗಿನ ಮರೆಯಿಂದ ಹತ್ತನೇ ಕ್ಲಾಸಿನ ಗಣಿತದ ಪುಸ್ತಕ ತೆಗೆದು, ಒಂದು ಲೆಕ್ಕ ಮಾಡಲು ಕೂತೆ. ಸಂಗಮೇಶ ಭಾವನ ಕಡೆಯ ನೆಂಟರು ತುಂಬಿದ್ದರು. ನಾನು ಹೇಳಿದೆ: "ಅಕ್ಕನ ಲೆಕ್ಕ ಒಲೆಯ ಪಕ್ಕ, ಪರೀಕ್ಷೆ ಬರೆದರೆ ಫೇಲೇ ಪಕ್ಕಾ." ಎಲ್ಲರೂ ನಕ್ಕರು. ನೀನು ಪುಸ್ತಕ ಮುಚ್ಚಿ ಒಬ್ಬಟ್ಟಿನ ಸಾರು ಬಿಸಿ ಮಾಡಲು ಎದ್ದು ಹೋದೆ.

ಅವ್ವ ನಗಲಿಲ್ಲ. ಅಪ್ಪ ತೀರಿಕೊಂಡ ವರ್ಷ ಇಬ್ಬರಲ್ಲಿ ಒಬ್ಬರನ್ನೇ ಓದಿಸಲು ಸಾಧ್ಯ ಎಂದಾಗ, ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳು ನೀನು, ಬಿ.ಎ. ಆದವನು ನಾನು ಎಂದು ನೆಂಟರೆದುರೇ ಹೇಳಿದಳು. ಆಮೇಲೆ ತೀರ್ಪು: "ಒಂದ್ ವರ್ಷ ಈ ಮನೆ ಹೊಸ್ಲು ತುಳೀಬ್ಯಾಡ. ಪೋನ್ ಮಾಡ್ಬ್ಯಾಡ. ಬಾಯಿ ಬಿಟ್ರೆ ಪ್ರಾಸ ನಿಂಗೆ. ಕಾಗ್ದ ಬರಿ. ಅದ್ರಾಗೂ ಪ್ರಾಸ ಬಂತೋ, ಇನ್ನೊಂದ್ ವರ್ಷ. ಒಂದನ್ನಾರಾ ಮುಗಿಸ್ಕಂಡು ಮುಂದಿನ ತೊಡಕಿಗೆ ಬಾ."

ಆದದ್ದು ಇಷ್ಟು. ನನ್ನ ತಪ್ಪು ನಾನು ಒಪ್ಪು... ನೋಡು, ಬಂದೇಬಿಟ್ಟಿತು. ಹೊಡೆದು ಹಾಕಿದ್ದೇನೆ. ತಪ್ಪು ನನ್ನದು, ಅಷ್ಟೇ.

ಪ್ರಭು

ಕುಣಿಗಲ್
22 ಏಪ್ರಿಲ್ 2025

ಪ್ರಭುವಿಗೆ,

ಕಾಗದ ಬಂತು. ಅವ್ವ ಎರಡು ಸಲ ಓದಿಸಿದಳು. "ಒಲೆಯ ಪಕ್ಕ" ಅನ್ನುವುದನ್ನು ನನ್ನ ಬಾಯಿಂದಲೇ ಎರಡು ಸಲ ಹೇಳಬೇಕಾಯಿತು. ಶಿಕ್ಷೆ ನಿನಗೋ ನನಗೋ ಗೊತ್ತಾಗಲಿಲ್ಲ.

ಅವ್ವ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಹೊಡ್ದಾಕುದ್ರೂ ಪ್ರಾಸ ಪ್ರಾಸಾನೇ. ಇದೊಂದ್ ಸಲ ಮಾಫಿ. ಪ್ರೋಗ್ರೆಸ್ ಕಾರ್ಡು ದಾಟಿಸಿದ್ದು ನಂಗೂ ಗೊತ್ತಿತ್ತು ಅನ್ನು, ಕತ್ತೆಗೆ."

ಆ ಪುಸ್ತಕ ಏನಾಯಿತು ಎಂದು ನೀನು ಕೇಳಿಲ್ಲ. ಕೇಳಿದರೂ ಹೇಳುವುದಿಷ್ಟೇ. ರದ್ದಿಗೆ ಹಾಕಿದೆ.

ಸುಮನಾ

ತುಮಕೂರು
15 ಜೂನ್ 2025

ಅಕ್ಕನಿಗೆ,

ಬಸವ ಜಯಂತಿ ದಾಟಿ ಒಂದೂವರೆ ತಿಂಗಳಾಯಿತು. ನನ್ನ ಯಾವ ಸಂಕಲ್ಪವೂ ಇಷ್ಟು ದಿನ ಬದುಕಿದ್ದಿಲ್ಲ. ಅರುಣಾ ಮೊದಲ ವಾರ ಖುಷಿಪಟ್ಟಳು, ಈಗ "ರೀ, ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾಳೆ. ಹೆಂಡತಿಗೂ ಪ್ರಾಸವಿಲ್ಲದ ಗಂಡ ಅಪರಿಚಿತ.

ಒಂದು ಕಷ್ಟವಿದೆ. ನನ್ನ ಕೆಲಸವೇ ಪ್ರಾಸ. ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬರುವವರಿಗೆ ಮುಹೂರ್ತಕ್ಕಿಂತ ಕೊನೆಯ ಎರಡು ಸಾಲು ಮುಖ್ಯ. ಮೊನ್ನೆ ಕೊತ್ತಗೆರೆಯ ಒಬ್ಬರು, "ಮಕ್ಳು ಕರಿಯೋ ಥರ ಪದ್ಯ ಹಾಕಿ ಸಾರ್" ಎಂದರು. "ತಮ್ಮ ಆಗಮನವನ್ನು ಬಯಸುತ್ತೇವೆ" ಎಂದು ಹಾಕಿಕೊಟ್ಟೆ. "ಇದೇನ್ ಸಾರ್, ನಲ್ಲಿ ನೀರಿನ ನೋಟೀಸ್ ಇದ್ದಂಗೈತೆ" ಎಂದು ಎದುರಿನ ಅಂಗಡಿಗೆ ಹೋದರು. ಹೊಟ್ಟೆಪಾಡಿನ ಪ್ರಾಸಕ್ಕೆ ವಿನಾಯಿತಿ ಉಂಟೇ ಎಂದು ಅವ್ವನನ್ನು ಕೇಳು.

ನಿನ್ನ ಅಕ್ಷರ ದುಂಡಗಾಗಿದೆ. ಮೊದಲು ಇರುವೆ ಸಾಲು ಇದ್ದಂತಿತ್ತು.

ಪ್ರಭು

ಕುಣಿಗಲ್
4 ಜುಲೈ 2025

ಪ್ರಭುವಿಗೆ,

ಕೇಳಿದೆ. ಅವ್ವ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. "ಹೊಟ್ಟೆಪಾಡ್ಗೆ ಅಂತ ಕಳ್ಳನೂ ಹಂಗೇ ಅಂತಾನೆ. ಇಲ್ಲ ಅನ್ನು. ನೀರಿನ ನೋಟೀಸೇ ಮಾಡ್ಕಂಡಿರ್ಲಿ" ಎಂದಳು. ಆಮೇಲೆ, ನಾನು ಕೇಳದೆಯೇ, "ಮಂಡಿ ನೋವಿಗೆ ಎಣ್ಣೆ ಹಚ್ಕಂತಾನಾ ಕೇಳು ಆ ಬಿಕ್ನಾಸಿನ" ಎಂದಳು. ಕೇಳಿದ್ದೇನೆ. ಉತ್ತರ ಬರಿ.

ಮಧ್ಯಾಹ್ನ ಎರಡು ಗಂಟೆ ಕಾಲ ನಾನು ಮನೆಯಲ್ಲಿ ಇರುವುದಿಲ್ಲ. ಪಕ್ಕದ ಮನೆ ಬಾನು ಫಾಲ್ಸ್ ಹೊಲಿಯುವ ಸೀರೆಗಳನ್ನು ತಂದುಕೊಂಡು ಅವ್ವನ ಹತ್ತಿರ ಕೂತಿರುತ್ತಾಳೆ. ಎಲ್ಲಿಗೆ ಹೋಗುತ್ತೀಯ ಎಂದು ಕೇಳಬೇಡ. ಅಕ್ಷರ ದುಂಡಗಾದರೆ ದುಂಡಗಾಗಲಿ, ಅದಕ್ಕೂ ನಿನ್ನ ಕಾಮೆಂಟ್ ಬೇಡ.

ಸುಮನಾ

ತುಮಕೂರು
10 ಅಕ್ಟೋಬರ್ 2025

ಅಕ್ಕನಿಗೆ,

ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ಅವ್ವನಿಗೆ ಹೇಳು. ನೀನು ಮಧ್ಯಾಹ್ನ ಯಾವುದೋ ಭಜನೆಯವರ ಜೊತೆ ಸೇರಿಕೊಂಡಿದ್ದೀಯ ಎಂದು ಊಹಿಸಿದ್ದೇನೆ. ಅದನ್ನು ನನಗೆ ಹೇಳದೆ ಇರುವುದು ಸರಿಯೇ. ಭಜನೆಯ ಮೇಲೆ ನಾನು ಏನು ಕಟ್ಟುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಗೊತ್ತು.

ಬೇಸಿಗೆಯಲ್ಲಿ ಇದನ್ನೆಲ್ಲ ತಮಾಷೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಪ್ರಾಸ ಇದ್ದಾಗ ವಾಕ್ಯ ಮುಗಿದ ಕೂಡಲೇ ಜನ ನಗುತ್ತಿದ್ದರು, ನಾನು ಎದ್ದು ಹೋಗುತ್ತಿದ್ದೆ. ಈಗ ವಾಕ್ಯ ಮುಗಿದ ಮೇಲೂ ಅಲ್ಲೇ ನಿಂತಿರಬೇಕು. ನಿಂತರೆ ಕಾಣುವುದೆಲ್ಲ ಹಳೆಯದು. ನೀನು ಶಾಲೆ ಬಿಟ್ಟ ದಿನ ನಿನ್ನ ಕಂಪಾಸ್ ಬಾಕ್ಸ್ ನನಗೆ ಕೊಟ್ಟೆ. ನಾನು ಕುಣಿದಾಡಿಬಿಟ್ಟೆ. ನನಗಾಗ ಹನ್ನೆರಡು, ಗೊತ್ತಾಗಲಿಲ್ಲ ಎನ್ನಬಹುದು. ನಲವತ್ತೈದಕ್ಕೆ ಗೊತ್ತಾಗಲಿಲ್ಲ ಎನ್ನಲು ಬರುವುದಿಲ್ಲ.

ದೀಪಾವಳಿಗೆ ಒಂದೇ ಒಂದು ದಿನ ಬರಲೇ? ಒಳಗೆ ಬೇಡ, ಜಗಲಿ ಮೇಲೆ ಕೂತು ಹೋಗುತ್ತೇನೆ. ಅವ್ವನನ್ನು ಕೇಳಿ ಬರಿ. ಅವಳು ಏನು ಹೇಳಿದರೆ ಅದು.

ಪ್ರಭು

ಕುಣಿಗಲ್
12 ನವೆಂಬರ್ 2025

ಪ್ರಭುವಿಗೆ,

ಉತ್ತರ ತಡವಾಯಿತು. ಹಬ್ಬವೂ ಕಳೆದುಹೋಯಿತು. ಅವ್ವನಿಗೆ ಸ್ವಲ್ಪ ಹುಷಾರಿರಲಿಲ್ಲ, ಈಗ ಪರವಾಗಿಲ್ಲ.

ನಿನ್ನ ಕಾಗದ ಓದಿ ಕೇಳಿದೆ. "ಬರೀಲಿ" ಎಂದಳು. ಅಷ್ಟೇ ಹೇಳಿದ್ದು. ಬರೆಯುತ್ತಾ ಇರು. ಕಂಪಾಸ್ ಬಾಕ್ಸ್ ವಿಷಯ ನನಗೆ ನೆನಪಿರಲಿಲ್ಲ ಎಂದು ಬರೆಯೋಣ ಅಂದುಕೊಂಡೆ. ನೆನಪಿದೆ.

ಸುಮನಾ

ತುಮಕೂರು
30 ನವೆಂಬರ್ 2025

ಅಕ್ಕನಿಗೆ,

ಬರಲೇ ಎಂದು ಕೇಳಿದ್ದಕ್ಕೆ ಬರೀಲಿ ಎಂದಳೇ! ಬೇಜಾರಾಯಿತು. ಆದರೆ ಅರುಣಾಗೆ ಓದಿ ಹೇಳುವಾಗ ಒಂದು ವಿಷಯ ಹೊಳೆಯಿತು. ಆ ಕಾಗದದಲ್ಲಿ ಒಂದೇ ಒಂದು ಬೈಗುಳವಿಲ್ಲ. ಕತ್ತೆಯೂ ಇಲ್ಲ, ಬಿಕ್ನಾಸಿಯೂ ಇಲ್ಲ. ಅವ್ವ ನನ್ನನ್ನು ಬಯ್ಯುವುದು ಬಿಟ್ಟಿದ್ದಾಳೆ! ಎಂಟು ತಿಂಗಳ ವ್ರತ ಫಲಿಸಿತು ಎಂದು ಪ್ರೆಸ್ಸಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ.

ಇನ್ನು ಮೇಲೆ ದೊಡ್ಡ ಕಾಗದ ಬರೆಯುತ್ತೇನೆ. ಅವ್ವನಿಗೆ ನಿಧಾನವಾಗಿ ಓದು. ಅವಳಿಗೆ ಟೌನ್ ಹಾಲ್ ಸರ್ಕಲ್ ಇಷ್ಟ. ಅಲ್ಲಿ ಈಗ ರಸ್ತೆ ದಾಟಲು ಯಾರನ್ನಾದರೂ ದತ್ತು ತೆಗೆದುಕೊಳ್ಳಬೇಕು, ಅಷ್ಟು ಗಾಡಿಗಳು. ಮಂಡಿಪೇಟೆಯಲ್ಲಿ ಹಳೇ ಹುಣಸೆಹಣ್ಣೇ ಇದೆ, ಅವಳು ಕೇಳುತ್ತಿದ್ದ ಹೊಸ ಹಣ್ಣು ಇನ್ನೂ ಬಂದಿಲ್ಲ. ಮಾರ್ಚಿಗೆ ಹೊತ್ತುಕೊಂಡೇ ಬರುತ್ತೇನೆ.

ಪ್ರಭು

ಕುಣಿಗಲ್
12 ಜನವರಿ 2026

ಪ್ರಭುವಿಗೆ,

ನಿನ್ನ ಕಾಗದವನ್ನು ನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಓದಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ರಸ್ತೆ ದಾಟುವ ವಿಷಯಕ್ಕೆ ತುಟಿ ಅಲ್ಲಾಡಿತು, ನಕ್ಕಳು ಅಂದುಕೊಂಡೆ. ಮುಗಿದ ಮೇಲೆ ಮತ್ತೆ ಬರೀಲಿ ಎಂದಳು. ಬೇಗ ಬೇಗ ಬರಿ. ಎರಡು ತಿಂಗಳಿಗೊಂದು ಸಾಲದು.

ಒಂದು ವಿಷಯ ಹೇಳಬೇಕಿತ್ತು. ಬೇಡ, ತೊಡಕಿಗೆ ಬರುತ್ತೀಯಲ್ಲ, ಆಗ ಹೇಳುತ್ತೇನೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸುತ್ತಿಲ್ಲ. ಬೀರಲು ಈ ಸಲ ಯಾರ ಮನೆಗೂ ಹೋಗುತ್ತಿಲ್ಲ.

ಸುಮನಾ

ತುಮಕೂರು
25 ಜನವರಿ 2026

ಅಕ್ಕನಿಗೆ,

ಎಳ್ಳು ಬೆಲ್ಲ ಕಳಿಸದೆ ಇದ್ದದ್ದು, ಆ "ಒಂದು ವಿಷಯ", ಎರಡನ್ನೂ ಸೇರಿಸಿ ನೋಡಿದೆ. ಅವ್ವನ ಸಿಟ್ಟು ಇಳಿದಿದೆ, ನಿನ್ನದು ಇಳಿದಿಲ್ಲ. ಇಳಿಯಬೇಕೆಂದು ಕೇಳುವ ಹಕ್ಕು ನನಗಿಲ್ಲ. ಎದುರು ಕೂತು ಬಯ್ಯಬೇಕು ಎಂದಿದ್ದರೆ ಬಯ್ಯಿ, ಅದಕ್ಕೇ ಬರುತ್ತೇನೆ. ಐವತ್ತನಾಲ್ಕು ದಿನ ಉಳಿದಿದೆ.

ಬರುವ ಸಂವತ್ಸರದ ಹೆಸರು ಪರಾಭವ. ಪಂಚಾಂಗದವರು ನನ್ನನ್ನು ಕೇಳಿಯೇ ಇಟ್ಟಂತಿದೆ. ಪರವಾಗಿಲ್ಲ. ಅವ್ವನ ಎದುರು ಕೂತು, ಒಂದು ವರ್ಷ ಒಂದು ಕೆಲಸ ಮಾಡಿದೆ ಅವ್ವ, ಎಂದು ಹೇಳಬೇಕು. ಅವಳು "ಏನ್ ಮಹಾ ಕಡ್ದಾಕ್ದೆ" ಎನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳಬೇಕು. ಅಷ್ಟೇ ಆಸೆ.

ಪ್ರಭು

ಕುಣಿಗಲ್
24 ಫೆಬ್ರುವರಿ 2026

ಪ್ರಭು,

ಒಂಬತ್ತನೇ ತಾರೀಖು ಭಾವ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀನು ಬರುವ ಹೊತ್ತಿಗೆ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಆಗಿತ್ತು. ಹನ್ನೊಂದು ದಿನ ಒಂದೇ ಮನೆಯಲ್ಲಿದ್ದೆವು. ನೀನು ಪಾತ್ರೆ ಎತ್ತಿಕೊಟ್ಟೆ, ನಾನು ಬಡಿಸಿದೆ. ಅವ್ವನ ಕಾಯಿಲೆಯ ವಿಷಯ ನಿನ್ನೆದುರು ಎತ್ತಬೇಡಿ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೆ. ನೀನು ಒಂದೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಬಾಯಲ್ಲಿ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ.

ಅವ್ವನಿಗೆ ಲಕ್ವ ಹೊಡೆದದ್ದು ಅಕ್ಟೋಬರಿನಲ್ಲಿ, ದೀಪಾವಳಿಗೆ ವಾರವಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ತುಮಕೂರಿಗೇ ಕರೆದುಕೊಂಡು ಬಂದಿದ್ದೆವು. ಐದು ದಿನ ಅಲ್ಲಿದ್ದೆವು. ನಿನ್ನ ಪ್ರೆಸ್ಸಿಗೂ ಆಸ್ಪತ್ರೆಗೂ ಎರಡು ರಸ್ತೆ ಅಂತರ. ಭಾವ ದಿನಾ ಹೇಳಿದರು, "ಪ್ರಭುಗೆ ಒಂದ್ ಮಾತು ಹೇಳಾಣ ಕಣೇ." ನಾನೇ ಬೇಡವೆಂದೆ. ಅವ್ವ ಹಾಕಿದ ಷರತ್ತು, ಅವ್ವನೇ ತೆಗೆಯಲಿ ಎಂದೆ.

ಮನೆಗೆ ಕರೆತಂದ ದಿನ ನಿನ್ನ ಕಾಗದ ಬಾಗಿಲಲ್ಲಿ ಬಿದ್ದಿತ್ತು. ಒಂದು ದಿನ ಬರಲೇ ಎಂದು ಬರೆದಿದ್ದೆಯಲ್ಲ, ಅದು. ಓದಿದೆ. ಅವ್ವ ಬಹಳ ಕಷ್ಟಪಟ್ಟು "ಬ" ಎಂದಳು, ಆಮೇಲೆ "ಲಿ" ಎಂದಳು. ನಡುವಿನದು ಗಂಟಲಲ್ಲೇ ಉಳಿಯಿತು. "ಬರೀಲಿ ಅಂತಾನಾ ಅವ್ವ?" ಎಂದೆ. ಕಣ್ಣು ಮುಚ್ಚಿದಳು. ಹೌದು ಅಂದುಕೊಂಡೆ. ಆಮೇಲೆ ಅವಳಿಗೆ ಉಳಿದದ್ದು ಆ ಒಂದು ಮಾತೇ. ನಿನ್ನ ಪ್ರತಿ ಕಾಗದಕ್ಕೂ ಅದನ್ನೇ ಹೇಳಿದಳು. ನಾನೂ ಅದನ್ನೇ ಬರೆದೆ.

ಕಾರ್ಯದ ಮಾರನೆಯ ದಿನ ಬಾನು ಬಂದು ಅವ್ವನ ಮಂಚದ ಹತ್ತಿರ ಅಳುತ್ತಾ ಕೂತಳು. "ದಿನಾ ಮಧ್ಯಾಹ್ನ ಬಾಗ್ಲು ಕಡೆ ಕೈ ತೋರ್ಸೋರು ಕಣಕ್ಕ, ಬರ್ಲಿ, ಬರ್ಲಿ ಅನ್ನೋರು. ಬರ್ತಾರೆ ಅಜ್ಜಿ, ನಿಮ್ ಮಗ ಬಂದೇ ಬರ್ತಾರೆ ಅಂತಿದ್ದೆ. ನೀವ್ ಹೇಳಿರ್ತೀರಾ ಅನ್ಕಂಡಿದ್ದೆ" ಎಂದಳು.

ಬರ್ಲಿ. ನೀನು ಬರಲೇ ಎಂದು ಕೇಳಿದ್ದೆ, ಅವಳು ಬರ್ಲಿ ಎಂದಳು. ಅದಕ್ಕಿಂತ ನೇರವಾದ ಉತ್ತರ ಉಂಟೇ? ನಾಲ್ಕು ತಿಂಗಳು ಹೇಳಿದಳು. ನಾನು ನಾಲ್ಕು ತಿಂಗಳು ಬೇರೆ ಬರೆದೆ.

ಕಿವಿ ಮಂದವಾಗಿತ್ತು ಎನ್ನುವುದಿಲ್ಲ. ನೀನು ಬಂದರೆ ಅವ್ವ ನಿನ್ನನ್ನೇ ನೋಡುತ್ತಾಳೆ. ನೀನು ಎರಡು ಮಾತಲ್ಲಿ ಎಲ್ಲರನ್ನೂ ನಗಿಸುತ್ತೀಯ, ನನ್ನ ಸಿಟ್ಟಿಗೆ ಕೂರಲು ಜಾಗ ಇರುವುದಿಲ್ಲ. ಬರೀಲಿ ಎನ್ನುವುದು ನನಗೆ ಬೇಕಾಗಿತ್ತು. ಅದಕ್ಕೇ ಅದೇ ಕೇಳಿಸಿತು.

ಇನ್ನೊಂದು ಸುಳ್ಳು ಉಳಿದಿದೆ. ಪುಸ್ತಕ ರದ್ದಿಗೆ ಹಾಕಿರಲಿಲ್ಲ. ಮಧ್ಯಾಹ್ನ ಹೋಗುತ್ತಿದ್ದದ್ದು ಸರ್ವಮಂಗಳ ಟೀಚರ್ ಮನೆಗೆ, ಪಾಠಕ್ಕೆ. ಅವ್ವನಿಗೆ ಗೊತ್ತಿತ್ತು, ಅವಳೇ ಕಳಿಸಿದ್ದು. ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿದ್ದೇನೆ. ಹಬ್ಬ ಕಳೆದ ಮೇಲೆ ಲೆಕ್ಕದ ಪೇಪರ್. ಹೋಗುವುದಿಲ್ಲ. ನಾನು ಪಾಠಕ್ಕೆ ಹೋದ ಹೊತ್ತಿನಲ್ಲೇ ಅವಳು ಬಾಗಿಲ ಕಡೆ ಕೈ ತೋರಿಸುತ್ತಿದ್ದಳು. ಸ್ವಂತ ತಾಯಿಯ ಒಂದು ಮಾತನ್ನು ನೆಟ್ಟಗೆ ಬರೆದುಕೊಳ್ಳಲು ಬಾರದವಳಿಗೆ ಪರೀಕ್ಷೆ ಯಾತಕ್ಕೆ?

ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ.

ಸುಮನಾ

ತುಮಕೂರು
3 ಮಾರ್ಚ್ 2026

ಅಕ್ಕನಿಗೆ,

ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನ್ನನ್ನು ಬಯ್ದಿದ್ದೆ. ಎರಡು ರಸ್ತೆ ಎಂಬ ಮಾತು ಬಿಡುತ್ತಲೇ ಇಲ್ಲ. ಬಾಗಿಲು ಹಾಕಿಕೊಂಡು ಕೂಗಾಡುವುದಕ್ಕೆ ಪ್ರೆಸ್ಸಿನ ಕಟಿಂಗ್ ಮಷಿನ್ ಪಕ್ಕ ಜಾಗ ಚೆನ್ನಾಗಿದೆ, ಯಾರಿಗೂ ಕೇಳಿಸುವುದಿಲ್ಲ. ಅವ್ವನ ಕಾರ್ಯದ ಕಾರ್ಡನ್ನೂ ನಡುವೆ ಒಂದು ಮಧ್ಯಾಹ್ನ ಬಂದು ಅಲ್ಲೇ ಕೂತು ಕಂಪೋಸ್ ಮಾಡಿದ್ದೆ. ಅಂಥ ಕಾರ್ಡಿನ ಕೆಳಗೆ ಎರಡು ಸಾಲು ಪದ್ಯ ಹಾಕುವುದು ವಾಡಿಕೆ, ನೂರಾರು ಮನೆಗಳಿಗೆ ಹಾಕಿಕೊಟ್ಟಿದ್ದೇನೆ. ಅವ್ವನದಕ್ಕೆ ಖಾಲಿ ಬಿಟ್ಟೆ. ಷರತ್ತಿಗಾಗಿ ಅಲ್ಲ. ಬರಲಿಲ್ಲ.

ಇದು ನಾಲ್ಕನೇ ಕಾಗದ. ಇದನ್ನು ಹರಿಯುವುದಿಲ್ಲ. ಸರಿಯಾಗಿ ಓದು.

ಬಾನು ತಪ್ಪು ತಿಳಿದಿದ್ದಾಳೆ. ಅವ್ವ ನನ್ನನ್ನು "ಬರ್ಲಿ" ಎಂದು ಮರ್ಯಾದೆಯಾಗಿ ಕರೆದದ್ದು ನಿನಗೆ ನೆನಪಿದೆಯಾ? "ಎಲ್ ಸತ್ತಿದ್ಯಾ, ಬಾರ್ಲಾ" ಎನ್ನುವುದು ಅವಳ ಕರೆ. ಅವಳು ಹೇಳಿದ್ದು ಬರೀಲಿ ಎಂದೇ. ನಿನ್ನ ಕಿವಿ ಸರಿಯಾಗಿಯೇ ಇತ್ತು. ಯಾರು ಬರೀಲಿ ಎನ್ನುವುದು ಮಾತ್ರ ನಿನಗೆ ಗೊತ್ತಾಗಲಿಲ್ಲ.

ಹೊತ್ತು ನೋಡು. ಮಧ್ಯಾಹ್ನ, ನೀನು ಪಾಠಕ್ಕೆ ಹೋದ ಎರಡು ಗಂಟೆ. ಬಾಗಿಲು ನೋಡು. ಅದು ನಾನು ಬರುವ ಬಾಗಿಲಲ್ಲ, ನೀನು ಆಗಷ್ಟೇ ಪುಸ್ತಕ ಹಿಡಿದು ದಾಟಿ ಹೋದ ಬಾಗಿಲು. ಎದುರಿಗೆ ಇದ್ದವಳು ಬಾನು. ಬಾನುವಿಗೆ ನಿನ್ನನ್ನು ತೋರಿಸಿ ಹೇಳುವುದಾದರೆ ಏನೆಂದು ಹೇಳುತ್ತಾಳೆ? ಹೋಗ್ಲಿ, ಪರೀಕ್ಷೆ ಬರೀಲಿ. ಅಷ್ಟೇ. ನಿನ್ನ ಎದುರು ಹೇಳಿದಾಗಲೂ ಅದೇ. ನನ್ನ ಕಾಗದ ನಿನ್ನ ಕೈಯಲ್ಲಿತ್ತು, ಅದಕ್ಕೇ ನೀನು ಅದು ನನಗೆ ಹೇಳಿದ್ದು ಅಂದುಕೊಂಡೆ. ಅವ್ವ ನೋಡುತ್ತಿದ್ದದ್ದು ಕಾಗದವನ್ನಲ್ಲ, ಓದುತ್ತಿದ್ದವಳನ್ನು.

ಸಮಾಧಾನಕ್ಕೆ ಹೇಳುತ್ತಿದ್ದಾನೆ ಅನ್ನಬೇಡ. ಆ ಮಾತು ನನ್ನದಾಗಿದ್ದರೆ ನನಗೆ ಲಾಭವಿತ್ತು. ಅವ್ವ ಕರೆದಿದ್ದಳು ಎಂದು ಸಾಯುವತನಕ ಹೇಳಿಕೊಂಡು ತಿರುಗಬಹುದಿತ್ತು. ನನ್ನದಲ್ಲ ಎಂದು ನಾನೇ ಹೇಳುತ್ತಿದ್ದೇನೆ. ನಂಬು.

ಈ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆದರೂ ತೊಡಕಿನ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಲೆಕ್ಕದ ಪೇಪರ್ ಮುಗಿಯುವವರೆಗೂ ಇರುತ್ತೇನೆ, ರಜೆ ಹಾಕಿದ್ದೇನೆ. ಪರೀಕ್ಷೆಯ ದಿನ ಕೇಂದ್ರದ ಗೇಟಿನವರೆಗೆ ಜೊತೆಗೆ ನಡೆಯುತ್ತೇನೆ. ಅಲ್ಲಿ ಮಕ್ಕಳ ಅಪ್ಪಂದಿರು ನಿಂತಿರುತ್ತಾರೆ, ಅವರ ಜೊತೆ ನಿಲ್ಲುತ್ತೇನೆ. ಯಾರಾದರೂ ಕೇಳಿದರೆ ನಮ್ಮಕ್ಕ ಒಳಗೆ ಬರೆಯುತ್ತಿದ್ದಾಳೆ ಎನ್ನುತ್ತೇನೆ. ಬೇರೆ ಏನೂ ಹೇಳುವುದಿಲ್ಲ. ಪ್ರವೇಶಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೋ. ಎರಡು ಪೆನ್ನು ತೆಗೆದುಕೋ.

ಭಾವನಿಗೆ ನಮಸ್ಕಾರ ಹೇಳು.

ಪ್ರಭು

ಮರೆತಿದ್ದೆ. ಬಾನು ಸಿಕ್ಕಾಗ ಒಂದು ಮಾತು ಕೇಳಿ ಬರಿ. ಬಲಗೈ ಹೋಗಿತ್ತಲ್ಲ, ಹಾಗಾದರೆ ಅವ್ವ ಬಾಗಿಲ ಕಡೆ ತೋರಿಸುತ್ತಿದ್ದದ್ದು ಎಡಗೈಯೇ ಇರಬೇಕು. ಎಷ್ಟು ಹೊತ್ತು ಹಾಗೆ ಎತ್ತಿ ಹಿಡಿದಿರುತ್ತಿದ್ದಳು? ನೋಯುತ್ತಿರಲಿಲ್ಲವಾ? ಏನೂ ಇಲ್ಲ, ಸುಮ್ಮನೆ ಕೇಳಿದೆ.